ಐದನೇ ಜ್ವರ

ಹುಳದ ಮನೆಗೆ ವಾಸನೆ ಆಗದು.
ಒಗ್ಗರಣೆಗೆ ಒಲೆ ಹಿತ್ತಲಿಗೆ ಹೊತ್ತು
ಗಾಳಿ ಯಾವ ಕಡೆಗಂತ ಸೆರಗು ಹಿಡಿದು ನೋಡಿ
ಆಮೇಲೆ ಸಾಸಿವೆ ಸಿಡಿಸುತ್ತೇನೆ.
ಬೀಡಿ ಸೇದುವವರು ಬೇಲಿಯಾಚೆಗೇ ನಿಲ್ಲಬೇಕು.
ಶಿಡ್ಲಘಟ್ಟದ ಸೀಮೆಯಲ್ಲಿ ಇಷ್ಟು ಶಾಸ್ತ್ರ
ಎಲ್ಲರ ಮನೆಯಲ್ಲೂ ಇದೆ.
ಆ ಇನ್ನೊಂದು ವಾಸನೆಗೆ ಮಾತ್ರ
ಹನ್ನೆರಡು ವರ್ಷದಿಂದ, ರಾತ್ರಿ ಎಷ್ಟು ಹೊತ್ತಾದರೂ,
ಅಗಳಿ ನಾನೇ ತೆಗೆದಿದ್ದೇನೆ.

ಹುಳ ಜ್ವರಕ್ಕೆ ಕೂತರೆ ಸೊಪ್ಪು ಮುಟ್ಟುವುದಿಲ್ಲ.
ತಲೆ ಎತ್ತಿ ಹಾಗೇ ನಿಂತಿರುತ್ತದೆ, ಕೈಮುಗಿದವರ ಹಾಗೆ.
ಅಲುಗಿಸಬಾರದು. ಸುಣ್ಣ ಉದುರಿಸಿ ಸುಮ್ಮನಿರಬೇಕು.
ಹಳೇ ಚರ್ಮ ಕಳಚಿ ಏಳುತ್ತದೆ,
ಹಸಿವು ಮೊದಲಿಗಿಂತ ಜಾಸ್ತಿ.

ಹೊಡೆದ ಮಾರನೇ ದಿನ ಅವನೂ ಹಾಗೇ.
ತಟ್ಟೆ ಮುಟ್ಟುವುದಿಲ್ಲ. ಗೋಡೆಗೆ ಒರಗಿ ಸೂರು ನೋಡುತ್ತಾನೆ.
ಅಲುಗಿಸಬೇಡ ಪಿಳ್ಳಮ್ಮ, ತಾನೇ ಸರಿಹೋಗ್ತಾನೆ
ಅನ್ನುತ್ತಾಳೆ ಅತ್ತೆ.
ಸುಣ್ಣ ಅರಿಸಿನ ಕಲಸಿ ನನ್ನ ಮೊಣಕೈಗೆ ಹಚ್ಚಿಕೊಂಡು
ನಾನು ಸುಮ್ಮನಿರುತ್ತೇನೆ.
ಮೂರನೇ ದಿನ ಕ್ಷೌರ, ಒಗೆದ ಷರ್ಟು,
ಮಗಳ ನೆತ್ತಿ ಮೇಲೆ ಕೈಯಿಟ್ಟು ಆಣೆ.

ಒಂದು ವರ್ಷ ಮಾಲೆಯನ್ನೂ ಹಾಕಿದ.
ನಲವತ್ತೊಂದು ದಿನ ಅವನನ್ನು ಸ್ವಾಮಿ ಅಂತ ಕರೆದೆ.
ನಲವತ್ತೆರಡಕ್ಕೆ ಮಾಲೆ ಮೊಳೆಯಲ್ಲಿತ್ತು,
ನಾನು ಒಡೆದ ಬಳೆ ಗುಡಿಸುತ್ತಿದ್ದೆ.

ಗೂಡಿನ ರೇಟು ಬಿತ್ತು, ಅದಕ್ಕೆ ಕುಡಿದ ಅಂದುಕೊಂಡೆ.
ರೇಟು ಏರಿತು, ಅದಕ್ಕೆ ಕುಡಿದ.
ಸಾರಿಗೆ ಉಪ್ಪು ಸಾಲದು ಅಂತ ಹೊಡೆದ.
ಮಾರನೇ ಸಲ ಉಪ್ಪಿನ ಡಬ್ಬಿಯನ್ನೇ ತಟ್ಟೆಯ ಪಕ್ಕ ಇಟ್ಟೆ,
ನನ್ನನ್ನೇ ಅಣಕಿಸ್ತೀಯಾ ಅಂತ ಹೊಡೆದ.
ಕಾರಣ ಹುಡುಕುವುದರಲ್ಲಿ
ಅವನಿಗಿಂತ ನಾನೇ ಜಾಣೆಯಾಗಿದ್ದೆ.

ಹೋದ ಶುಕ್ರವಾರ ಕನಕಾಂಬರ ತಂದ.
ಒಂದು ಮೊಳವಲ್ಲ, ಮೂರು.
ಸೊಪ್ಪಿನ ಹೊರೆ ನನ್ನ ತಲೆಯಿಂದ ಇಳಿಸಿ ತಾನು ಹೊತ್ತ.
ಮಗಳ ಸೈಕಲ್ಲಿನ ಬ್ರೇಕು ರಿಪೇರಿ ಮಾಡಿದ.
ಕನ್ನಡಿಯೆದುರು ಹೂ ಮುಡಿಯುತ್ತಾ ನೋಡುತ್ತೇನೆ,
ಹಿಂದೆ ನಮ್ಮ ಹಂಸವೇಣಿ
ಗಾಜಿನ ಲೋಟಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸುತ್ತಿದ್ದಾಳೆ.
ಸೊಪ್ಪು ಕತ್ತರಿಸುವ ಮಚ್ಚು ಆಗಲೇ ಗೋಣಿಯ ಕೆಳಗೆ.
ಯಾಕೆ ಹಂಸ, ಅಪ್ಪ ಚೆನ್ನಾಗಿದಾರಲ್ಲ?

ಚೆನ್ನಾಗಿ ಆರು ದಿನ ಆಯ್ತಲ್ಲಮ್ಮ.

ಅಷ್ಟೇ ಅಂದಳು, ಏಳನೇ ಕ್ಲಾಸಿನ ಹುಡುಗಿ,
ಮಗ್ಗಿ ಒಪ್ಪಿಸುವ ದನಿಯಲ್ಲಿ.

ಡೇರಿಯವರು ಕೊಟ್ಟ ಕ್ಯಾಲೆಂಡರು ಗೋಡೆಯಲ್ಲಿದೆ.
ಹುಳದ ಜ್ವರ ಗುರುತು ಹಾಕುವುದು ಅದರಲ್ಲೇ.
ಆ ರಾತ್ರಿ ಪುಟ ಹಿಂದಕ್ಕೆ ತಿರುವಿದೆ.
ಜ್ವರದ ಗುರುತುಗಳ ಮಧ್ಯೆ ನನ್ನದೇ ಕೈಬರಹ:
ಬಳೆ ಒಂದು ಡಜನ್ನು. ತವರಿಗೆ. ವಾಪಸು.
ಬಳೆ ಒಂದು ಡಜನ್ನು. ಆಸ್ಪತ್ರೆ, ಜಾರಿಬಿದ್ದದ್ದು.
ಬಳೆ.
ಖರ್ಚು ಬರೆದಿಟ್ಟಿದ್ದೆ ಅಂದುಕೊಂಡಿದ್ದೆ.

ಹುಳಕ್ಕೆ ನಾಲ್ಕೇ ಜ್ವರ.
ನಾಲ್ಕು ಎದ್ದ ಮೇಲೆ ಹಣ್ಣಾಗುತ್ತದೆ, ನೂಲು ಬಿಡುತ್ತದೆ.
ಐದನೇ ಜ್ವರವನ್ನು ನಾನು ಕಾಣೆ, ನಮ್ಮಪ್ಪ ಕಂಡಿರಲಿಲ್ಲ,
ರೇಷ್ಮೆ ಇಲಾಖೆಯವರೂ ಕಂಡಿಲ್ಲ.
ಇವನದು ಎಷ್ಟನೆಯದಕ್ಕೆ ನಾನಿನ್ನೂ ಸುಣ್ಣ ಚೆಲ್ಲುತ್ತಿದ್ದೇನೆ?
ಅವನು ಹಣ್ಣಾಗಲಿ ಅಂತ ಕಾದು ಕಾದು
ಹಣ್ಣಾದವಳು ನಾನು.

ಕೆಟ್ಟ ದಿನ ಹೊರಟವರು ಒಳ್ಳೆಯ ದಿನ ನೋಡಿ ವಾಪಸು ಬರುತ್ತಾರೆ.
ಮೂರು ಸಲ ಬಂದಿದ್ದೇನೆ.
ಅದಕ್ಕೇ ಈ ಸಲ ಶನಿವಾರ ಬೆಳಿಗ್ಗೆ,
ಅವನು ಹಲ್ಲುಜ್ಜುತ್ತಾ ಏನೋ ಗುನುಗುತ್ತಿರುವಾಗ,
ಜಡೆಯ ಹೂ ಇನ್ನೂ ಬಾಡಿರದಾಗ,
ಮಗಳ ಸ್ಕೂಲ್ ಬ್ಯಾಗಿನಲ್ಲಿ ಎರಡು ಸೀರೆ ತುರುಕಿ
ಮೊದಲ ಬಸ್ಸಿಗೆ ಕೈ ಅಡ್ಡ ಹಾಕಿದೆ.

ಹುಳ ಮೂರನೇ ಜ್ವರದಲ್ಲಿತ್ತು.
ಎದ್ದರೆ ಸೊಪ್ಪು ಹಾಕುವವರು ಯಾರು
ಅನ್ನುವ ಯೋಚನೆ
ಎಚ್. ಕ್ರಾಸ್ ದಾಟಿದರೂ ಬಿಡಲಿಲ್ಲ.
ಹಂಸ ಕಿಟಕಿಗೆ ತಲೆ ಕೊಟ್ಟು
ಬಾಯಿ ತೆರೆದು ನಿದ್ದೆ ಹೋಗಿದ್ದಳು.
ಅಲುಗಿಸಲಿಲ್ಲ.